ಮನೆಯ ಅಗತ್ಯ ಎಂಬ ರಜಾಚೀಟಿ

1911ರ ಮಾರ್ಚ್‌ನಲ್ಲಿ ಪುಣೆಯ ಗೋಪಾಲಕೃಷ್ಣ ಗೋಖಲೆಯವರು ಇಂಪೀರಿಯಲ್ ಶಾಸನಸಭೆಯಲ್ಲಿ ಒಂದು ಮಸೂದೆ ಮಂಡಿಸಿದರು. ಆರರಿಂದ ಹತ್ತು ವರ್ಷದ ಮಕ್ಕಳನ್ನು ಶಾಲೆಗೆ ಕಳಿಸುವುದನ್ನು ಹೆತ್ತವರ ಹೊಣೆಯಾಗಿಸಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಕೊಡುವುದು ಅದರ ಉದ್ದೇಶ. ಮೊದಲು ಹುಡುಗರಿಗೆ, ಹುಡುಗಿಯರ ಸರದಿ ಆಮೇಲೆ. ಸಭೆಯಲ್ಲಿ ಎದುರಾಗುವ ವಿರೋಧ ಎಂಥದೆಂದು ಬಲ್ಲ ಗೋಖಲೆ ಮಸೂದೆಯನ್ನು ಆದಷ್ಟು ಮೆದುವಾಗಿಯೇ ರೂಪಿಸಿದ್ದರು. ಹುಡುಗ ಶಾಲೆಗೆ ಬಾರದಿದ್ದರೆ ಒಪ್ಪಿಕೊಳ್ಳಬಹುದಾದ ಕಾರಣಗಳಲ್ಲಿ ಕಾಯಿಲೆ ಇತ್ತು, ಬೇಸಾಯದ ಹಂಗಾಮು ಇತ್ತು, ಜೊತೆಗೆ ‘ಮನೆಯ ಅಗತ್ಯ’ವೂ ಇತ್ತು. ಇಷ್ಟಾದರೂ 1912ರ ಮಾರ್ಚ್‌ನಲ್ಲಿ ಮಸೂದೆ ಬಿದ್ದುಹೋಯಿತು. ಪರವಾಗಿ ಬಂದ ಮತ 13, ವಿರುದ್ಧ 38.

ಮಸೂದೆ ಬಿದ್ದರೂ ಆ ಮಾತು ಉಳಿಯಿತು. ಹಾಜರಿ ಪುಸ್ತಕದಲ್ಲಿ ಒಂದು ಮಗುವಿನ ಹೆಸರಿನ ಮುಂದೆ ಸಾಲಾಗಿ ಗೈರು ಬಿದ್ದಾಗ, ಗಣಿತದಲ್ಲಿ ಹಿಂದೆ ಬಿದ್ದಾಗ, ತರಗತಿಯಲ್ಲಿ ತೂಕಡಿಸಿದಾಗ, ಸಿಟ್ಟಿನಿಂದ ಜಗಳಕ್ಕಿಳಿದಾಗ ಇಂದಿಗೂ ಶಾಲೆಗಳಲ್ಲಿ ಕೇಳಿಬರುವ ವಿವರಣೆ ಒಂದೇ: ‘ಮನೆಯ ಪರಿಸ್ಥಿತಿ ಸರಿಯಿಲ್ಲ.’ ತಂದೆ ಜೊತೆಗಿಲ್ಲ, ತಾಯಿ ಒಬ್ಬಳೇ, ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಾನೆ ಎಂದರೆ ಕಾರಣ ಸಿಕ್ಕಂತಾಯಿತು. ಕುಟುಂಬದ ಆಕಾರಕ್ಕೂ ಹನ್ನೊಂದರಿಂದ ಹದಿನಾಲ್ಕರ ವಯಸ್ಸಿನ ಮಕ್ಕಳ ಶಾಲೆಯ ತೊಡಕಿಗೂ ನಂಟಿದೆ ಎಂಬುದು ಸುಳ್ಳಲ್ಲ. ಆದರೆ ಆ ನಂಟು ಎಲ್ಲಿ ಹುಟ್ಟುತ್ತದೆ, ಕುಟುಂಬಕ್ಕೆ ಆ ಆಕಾರ ಬಂದದ್ದು ಹೇಗೆ ಎಂದು ಕೇಳುವುದು ಕಡಿಮೆ. ಗೋಖಲೆಯವರ ಊರಿನಲ್ಲೇ ಇರುವ ಒಂದು ದೊಡ್ಡ ಸಗಟು ಮಾರುಕಟ್ಟೆಯ ಚರಿತ್ರೆ ಈ ಪ್ರಶ್ನೆಗೆ ಬೇರೆಲ್ಲೂ ಸುಲಭವಾಗಿ ಸಿಗದ ಉತ್ತರವನ್ನು ಕೊಡುತ್ತದೆ.

ಎರಡು ಗಡಿಯಾರ

ಪುಣೆಯ ಹಳೆಯ ತರಕಾರಿ ಮಾರುಕಟ್ಟೆಯ ಕಟ್ಟಡ ಶುಕ್ರವಾರ ಪೇಟೆಯಲ್ಲಿದೆ. 1886ರಲ್ಲಿ ಆರಂಭವಾದಾಗ ಅದಕ್ಕೆ ಗವರ್ನರ್ ರೇ ಅವರ ಹೆಸರಿತ್ತು. ಅದರ ಯೋಜನೆ ಚರ್ಚೆಯಲ್ಲಿದ್ದಾಗ ಪುರಸಭೆಯ ಸದಸ್ಯರಾಗಿದ್ದ ಜ್ಯೋತಿಬಾ ಫುಲೆ, ಇಷ್ಟು ಹಣವನ್ನು ಕಟ್ಟಡಕ್ಕೆ ಸುರಿಯುವ ಬದಲು ಶಿಕ್ಷಣಕ್ಕೆ ಕೊಡಿ ಎಂದು ವಾದಿಸಿದ್ದರು. ಮುಂದೆ ಆ ಮಾರುಕಟ್ಟೆಗೆ ಅವರದೇ ಹೆಸರು ಬಂತು. ಇಂದು ಅದು ಮಹಾತ್ಮ ಫುಲೆ ಮಂಡಈ.

ಊರು ಬೆಳೆದಂತೆ ಮಂಡಈ ಸಾಲದಾಯಿತು. ನಾನಾ ಪೇಟೆ, ಭವಾನಿ ಪೇಟೆಗಳ ಇಕ್ಕಟ್ಟಾದ ಬೀದಿಗಳಲ್ಲಿ ನಡೆಯುತ್ತಿದ್ದ ಧಾನ್ಯದ ಸಗಟು ವ್ಯಾಪಾರವೂ, ತರಕಾರಿ ಹಣ್ಣಿನ ಸಗಟು ವ್ಯಾಪಾರವೂ 1970ರ ದಶಕದ ನಂತರ ಹಂತಹಂತವಾಗಿ ಗುಲ್‌ಟೇಕಡಿಗೆ ಹೋದವು. ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಆ ವಿಶಾಲ ಆವರಣವನ್ನು ಊರಿನವರು ಮಾರ್ಕೆಟ್ ಯಾರ್ಡ್ ಎಂದೇ ಕರೆಯುತ್ತಾರೆ. ಧಾನ್ಯ, ಬೆಲ್ಲ, ಈರುಳ್ಳಿ, ಆಲೂಗಡ್ಡೆ, ತರಕಾರಿ, ಹಣ್ಣು, ಹೂವು ಎಲ್ಲಕ್ಕೂ ಅಲ್ಲಿ ಬೇರೆಬೇರೆ ಜಾಗ. ರೈತನ ಮಾಲನ್ನು ಮಾರಿಕೊಡುವ ದಲ್ಲಾಳಿಗಳು, ತೂಕ ಮಾಡುವವರು, ಮೂಟೆ ಇಳಿಸಿ ಏರಿಸುವ ಹಮಾಲರು, ಕಾಳು ಜರಡಿ ಹಿಡಿಯುವ ಮತ್ತು ಈರುಳ್ಳಿ ವಿಂಗಡಿಸುವ ಹೆಂಗಸರು, ಟೆಂಪೊದವರು, ಚಹಾದವರು ಎಲ್ಲರೂ ಸೇರಿ ಅದೊಂದು ಸಣ್ಣ ಊರು.

ಈ ಊರಿನ ಗಡಿಯಾರ ಬೇರೆ. ಲಾರಿಗಳು ರಾತ್ರಿ ಬರುತ್ತವೆ. ತರಕಾರಿಯ ವ್ಯವಹಾರ ಬೆಳಕು ಹರಿಯುವ ಮೊದಲೇ ಬಿರುಸಾಗುತ್ತದೆ. ಶಾಲೆಗೆ ಹೋಗುವ ಮಗುವನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಡಬ್ಬಿ ಕಟ್ಟಿ ಕಳಿಸಬೇಕಾದ ಹೊತ್ತಿಗೆ ಇಲ್ಲಿ ದುಡಿಯುವ ತಂದೆತಾಯಿಗೆ ದಿನದ ಕೂಲಿ ಹುಟ್ಟುವ ಸಮಯ. ಮಧ್ಯಾಹ್ನ ಮಗು ಶಾಲೆಯಲ್ಲಿದ್ದಾಗ ಅವರು ಮನೆಗೆ ಬಂದು ಮಲಗುತ್ತಾರೆ. ಸಂಜೆ ಮಗು ಪುಸ್ತಕ ಬಿಚ್ಚುವ ವೇಳೆಗೆ ಒಂದೇ ಕೋಣೆಯ ಮನೆಯಲ್ಲಿ ಅಡುಗೆ, ಟಿ.ವಿ., ನಾಳೆಯ ಸಿದ್ಧತೆ ಎಲ್ಲವೂ ಒಟ್ಟಿಗೇ ನಡೆಯುತ್ತಿರುತ್ತವೆ. ಇಂಥ ಮನೆಯಲ್ಲಿ ತಂದೆ ತಾಯಿ ಇಬ್ಬರೂ ಇದ್ದಾರೆ. ಮಗುವಿನ ದಿನದಲ್ಲಿ ಮಾತ್ರ ಇಬ್ಬರೂ ಕೈಗೆ ಸಿಗುವುದು ಅಪರೂಪ.

ಒಲೆ ಎರಡಾದ ಮನೆ

ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಇರಾವತಿ ಕರ್ವೆ ಭಾರತದ ಬಂಧುತ್ವ ವ್ಯವಸ್ಥೆಯ ಬಗೆಗಿನ ತಮ್ಮ ದೊಡ್ಡ ಗ್ರಂಥವನ್ನು 1953ರಲ್ಲಿ ಪ್ರಕಟಿಸಿದರು. ಕನ್ನಡ ಓದುಗರು ಅವರನ್ನು ಹೆಚ್ಚಾಗಿ ಬಲ್ಲದ್ದು ‘ಯುಗಾಂತ’ದಿಂದ. ಅವಿಭಕ್ತ ಕುಟುಂಬವನ್ನು ಗುರುತಿಸಲು ಅವರು ಹೇಳಿದ ಗುರುತುಗಳಲ್ಲಿ ಒಂದು ಸೂರು, ಒಂದು ಒಲೆ, ಹಂಚಿಕೊಂಡ ಆಸ್ತಿ, ಒಟ್ಟಿಗೆ ನಡೆಸುವ ಪೂಜೆ ಪ್ರಮುಖವಾದವು. ಮಾರ್ಕೆಟ್ ಯಾರ್ಡಿನ ಹಮಾಲರ ಕುಟುಂಬಗಳನ್ನು ಈ ಅಳತೆಗೆ ಹಿಡಿದರೆ ಲೆಕ್ಕ ತಪ್ಪುತ್ತದೆ. ಆಸ್ತಿ ಊರಿನಲ್ಲಿ ಒಟ್ಟಿಗೇ ಇದೆ, ಮನೆದೇವರೂ ಒಬ್ಬನೇ. ಸೂರು ಮತ್ತು ಒಲೆ ಮಾತ್ರ ಎರಡಾಗಿವೆ.

ಇದಕ್ಕೆ ಕಾರಣ ಮಳೆ ಮತ್ತು ಕೂಲಿ. 1972ರ ಬರ ಮಹಾರಾಷ್ಟ್ರದ ಒಣ ಜಿಲ್ಲೆಗಳನ್ನೂ ಅದಕ್ಕೆ ತಾಗಿಕೊಂಡ ಉತ್ತರ ಕರ್ನಾಟಕವನ್ನೂ ಹಿಂಡಿತು. ಮರಾಠವಾಡ, ಸೋಲಾಪುರ, ಅಹ್ಮದ್‌ನಗರ ಕಡೆಯಿಂದ ಸಾವಿರಾರು ಜನ ಪುಣೆಯ ದಾರಿ ಹಿಡಿದರು. ಕಲಬುರಗಿ, ವಿಜಯಪುರ, ಬೀದರ್ ಕಡೆಯಿಂದ ಪುಣೆಗೆ ದುಡಿಯಲು ಹೋಗುವುದು ಇವತ್ತಿಗೂ ನಿಂತಿಲ್ಲ. ಗಂಡಸು ಮೊದಲು ಒಬ್ಬನೇ ಬರುತ್ತಾನೆ. ಹೆಂಡತಿ ಮಕ್ಕಳು ಊರಿನಲ್ಲಿ ಅತ್ತೆಮಾವಂದಿರ ಜೊತೆ ಉಳಿಯುತ್ತಾರೆ. ಕೆಲಸ ಗಟ್ಟಿಯಾದರೆ ಹೆಂಡತಿ ಬರುತ್ತಾಳೆ, ಚಿಕ್ಕ ಮಕ್ಕಳು ಅವಳ ಜೊತೆ, ದೊಡ್ಡವರು ಅಜ್ಜಿಯ ಹತ್ತಿರ.

ಒಂಟಿ ಗಂಡಸರ ಈ ಬದುಕಿಗೆ ಗಟ್ಟಿ ಸಾಕ್ಷಿ ಪುಣೆಯ ‘ಕಷ್ಟಾಚಿ ಭಾಕರ್’, ಅಂದರೆ ದುಡಿಮೆಯ ರೊಟ್ಟಿ. ವೃತ್ತಿಯಿಂದ ವೈದ್ಯರಾಗಿದ್ದ ಬಾಬಾ ಆಢಾವ್ 1950ರ ದಶಕದಲ್ಲಿ ಕಟ್ಟಿದ ಹಮಾಲ ಪಂಚಾಯತ್ 1974ರಲ್ಲಿ ಈ ಊಟದ ಮನೆಯನ್ನು ತೆರೆಯಿತು. ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂಬ ಲೆಕ್ಕದಲ್ಲಿ ರೊಟ್ಟಿ, ಪಲ್ಯ ಹಾಕುವ ಆ ಕೇಂದ್ರಗಳು ಮುಂದೆ ಊರಿನ ಬೇರೆ ಭಾಗಗಳಲ್ಲೂ ಬಂದವು. ಬೆನ್ನಿನ ಮೇಲೆ ಮೂಟೆ ಹೊರುವವನಿಗೆ ಹೊಟ್ಟೆತುಂಬ ಊಟ ಬೇಕು. ಅದನ್ನು ಬೇಯಿಸಿ ಹಾಕುವವರು ಇನ್ನೂರು ಮುನ್ನೂರು ಕಿಲೋಮೀಟರ್ ದೂರದಲ್ಲಿದ್ದರು. ಹಾಗಾಗಿ ಸಂಘಟನೆಯೇ ಒಲೆ ಹಚ್ಚಬೇಕಾಯಿತು.

ಊರಿನಲ್ಲಿ ಉಳಿದ ಮಗುವಿಗೆ ಹೊಟ್ಟೆಗೆ ಕೊರತೆಯಾಗದಿರಬಹುದು, ಅಜ್ಜಿಯ ಪ್ರೀತಿಗಂತೂ ಕೊರತೆಯಿಲ್ಲ. ಆದರೆ ಏಳನೆಯ ತರಗತಿಯ ಬೀಜಗಣಿತ ಶುರುವಾದಾಗ, ವಿದ್ಯಾರ್ಥಿವೇತನಕ್ಕೆ ತಂದೆಯ ಸಹಿ ಬೇಕಾದಾಗ, ಮಗ ಶಾಲೆಗೆಂದು ಹೊರಟು ಬಸ್‌ನಿಲ್ದಾಣದಲ್ಲಿ ಕೂತಾಗ ಅಜ್ಜಿಯ ಕೈ ಅಷ್ಟು ದೂರ ಹೋಗುವುದಿಲ್ಲ. ಊರು ಬಿಟ್ಟು ಪುಣೆಗೆ ಬಂದ ಮಗುವಿನ ಕಷ್ಟ ಇನ್ನೊಂದು ಬಗೆಯದು. ಕನ್ನಡದಲ್ಲಿ ಐದು ವರ್ಷ ಕಲಿತ ಹುಡುಗಿ ಆರನೆಯ ವರ್ಷಕ್ಕೆ ಮರಾಠಿ ಶಾಲೆಯ ಬೆಂಚಿನಲ್ಲಿ ಕೂರುತ್ತಾಳೆ. ಮಾತನಾಡುವ ಮರಾಠಿ ಕೆಲವೇ ತಿಂಗಳಲ್ಲಿ ಬಂದುಬಿಡುತ್ತದೆ, ವಿಜ್ಞಾನದ ಪುಸ್ತಕದ ಮರಾಠಿ ಅಷ್ಟು ಬೇಗ ಬರುವುದಿಲ್ಲ. ಶಿಕ್ಷಕರ ಕಣ್ಣಿಗೆ ಅವಳು ದಡ್ಡಿಯಾಗಿ ಕಾಣುತ್ತಾಳೆ. ಕರ್ನಾಟಕದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಆರನೆಯ ತರಗತಿಯಿಂದ ಶುರುವಾಗುತ್ತವೆ. ವಲಸೆ ಹೋಗುವ ಕುಟುಂಬಗಳಿಗೆ ಅಲ್ಲೊಂದು ಸೀಟು ಸಿಗುವುದೆಂದರೆ ಏನೆಂದು ಇದರಿಂದ ಅರ್ಥವಾಗುತ್ತದೆ.

ಹನ್ನೆರಡರ ತಿರುವು

ತೊಡಕು ಈ ವಯಸ್ಸಿನಲ್ಲೇ ಏಕೆ ಕಾಣಿಸಿಕೊಳ್ಳುತ್ತದೆ? ಆರು ವರ್ಷದ ಮಗುವನ್ನು ಮನೆ ಸಾಕುತ್ತದೆ. ಹನ್ನೆರಡು ವರ್ಷದ ಮಗು ಮನೆಯನ್ನು ನಡೆಸಬಲ್ಲದು. ತಮ್ಮನನ್ನು ಎತ್ತಿಕೊಳ್ಳಬಲ್ಲದು, ನಲ್ಲಿ ನೀರು ಹಿಡಿಯಬಲ್ಲದು, ಅನ್ನಕ್ಕಿಡಬಲ್ಲದು, ಎರಡು ಕಾಸು ದುಡಿಯಲೂಬಲ್ಲದು. ದೊಡ್ಡವರ ಕೈ ಕಡಿಮೆಯಿರುವ ಮನೆ ಮೊದಲು ಎಳೆದುಕೊಳ್ಳುವುದು ಈ ಕೈಯನ್ನೇ, ಅದರಲ್ಲೂ ಹಿರಿಯ ಮಗಳ ಕೈಯನ್ನು.

ಶಾಲೆಯ ಏರ್ಪಾಡೂ ಅದೇ ಹೊತ್ತಿಗೆ ಕವಲೊಡೆಯುತ್ತದೆ. ಮುಂಬಯಿ ಪ್ರಾಂತದ ಕಾಲದಿಂದಲೂ ಏಳನೆಯ ತರಗತಿ ಒಂದು ಗಡಿ. ಆಗ ವರ್ನಾಕ್ಯುಲರ್ ಫೈನಲ್ ಪರೀಕ್ಷೆ ಅಲ್ಲಿಗೆ ಬರುತ್ತಿತ್ತು. ಮಹಾರಾಷ್ಟ್ರದಲ್ಲಿ ಬಹುಕಾಲ ಏಳರವರೆಗೆ ಪ್ರಾಥಮಿಕ, ಎಂಟರಿಂದ ಪ್ರೌಢ. ಓಣಿಯ ಪಾಲಿಕೆ ಶಾಲೆ ಮುಗಿದ ಮೇಲೆ ಬೇರೆ ಶಾಲೆ ಹುಡುಕಬೇಕು, ದಾಖಲೆ ತರಬೇಕು, ದೂರ ನಡೆಯಬೇಕು, ಹೊಸ ಶಿಕ್ಷಕರಿಗೆ ಒಗ್ಗಬೇಕು. ಮಗುವಿನ ಜೊತೆ ಒಬ್ಬ ದೊಡ್ಡವರು ಎರಡು ಮೂರು ಹಗಲು ಓಡಾಡಬೇಕಾದ ಕೆಲಸ ಇದು. ದಿನಗೂಲಿಯ ಮನೆಯಲ್ಲಿ ಅದರ ಬೆಲೆ ಎರಡು ಮೂರು ದಿನದ ಕೂಲಿ. ಒಬ್ಬಳೇ ತಾಯಿಯಿರುವ ಮನೆಯಲ್ಲಿ ಅಷ್ಟು ದಿನ ಕೈಗೆ ದುಡ್ಡೇ ಇಲ್ಲ.

ಈ ವಯಸ್ಸಿನ ಮಹತ್ವವನ್ನು ಪುಣೆ ಮೊದಲೇ ಕಂಡಿತ್ತು. 1882ರಲ್ಲಿ ಹಂಟರ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಫುಲೆ, ಜನಸಾಮಾನ್ಯರ ಶಿಕ್ಷಣವನ್ನು ಕನಿಷ್ಠ ಹನ್ನೆರಡು ವರ್ಷದವರೆಗಾದರೂ ಕಡ್ಡಾಯ ಮಾಡಬೇಕೆಂದು ಕೇಳಿದರು. ಬಡವರ ಮಕ್ಕಳನ್ನು ಶಾಲೆಯತ್ತ ಸೆಳೆಯಲು ವಿದ್ಯಾರ್ಥಿವೇತನ, ಬಹುಮಾನ ಕೊಡಬೇಕೆಂದೂ ಹೇಳಿದರು. ಮೂವತ್ತು ವರ್ಷದ ನಂತರ ಗೋಖಲೆ ಮಸೂದೆ ಕೇಳಿದ್ದು ಹತ್ತರವರೆಗೆ ಮಾತ್ರ. ಹುಡುಗಿಯರ ವಿಷಯದಲ್ಲಂತೂ ಜಗಳ ಮುಗಿದಿರಲಿಲ್ಲ. 1918ರಲ್ಲಿ ಮುಂಬಯಿ ಪ್ರಾಂತದ ಪುರಸಭೆಗಳಿಗೆ ಕಡ್ಡಾಯ ಶಿಕ್ಷಣ ಜಾರಿಮಾಡುವ ಅವಕಾಶ ಸಿಕ್ಕಿದ ಮೇಲೆ, ಹುಡುಗಿಯರನ್ನೂ ಸೇರಿಸಬೇಕೆ ಎಂಬ ಪ್ರಶ್ನೆ ಪುಣೆಯನ್ನು ಎರಡು ಪಾಲು ಮಾಡಿತು. ಹಣ ಸಾಲದು, ಹುಡುಗರು ಮೊದಲು ಎಂದವರಲ್ಲಿ ಬಾಲಗಂಗಾಧರ ತಿಲಕರೂ ಇದ್ದರು. ಹಣಕ್ಕಿಂತ ದೊಡ್ಡ ಮಾತೊಂದು ಆ ಜಗಳದ ಹಿಂದಿತ್ತು: ಮಗಳು ಶಾಲೆಗೆ ಹೋದರೆ ಮನೆಯ ಕೆಲಸ ಯಾರು ಮಾಡುವುದು? ಗೋಖಲೆ ಮಸೂದೆಯ ‘ಮನೆಯ ಅಗತ್ಯ’ಕ್ಕೆ ಒಂದು ಮುಖವಿದ್ದರೆ ಅದು ಹನ್ನೆರಡು ವರ್ಷದ ಹುಡುಗಿಯದು.

ಆ ಹುಡುಗಿಗೆ ಅವಕಾಶ ಸಿಕ್ಕರೆ ಏನಾಗಬಲ್ಲದು ಎಂಬುದಕ್ಕೂ ಇದೇ ಊರಿನಲ್ಲಿ ಸಾಕ್ಷಿಯಿದೆ. ಫುಲೆ ದಂಪತಿಗಳ ಶಾಲೆಯಲ್ಲಿ ಓದಿದ ಮಾಂಗ್ ಜಾತಿಯ ಮುಕ್ತಾಬಾಯಿ ಸಾಳ್ವೆ, ಮಾಂಗ್ ಮತ್ತು ಮಹಾರರ ಸಂಕಟದ ಬಗ್ಗೆ ಬರೆದ ಪ್ರಬಂಧ 1855ರಲ್ಲಿ ‘ಜ್ಞಾನೋದಯ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಅವಳಿಗೆ ಸುಮಾರು 14 ವರ್ಷ.

ದೊಡ್ಡವರ ಕೂಲಿ, ಮಕ್ಕಳ ಪಾಠ

1969ರಲ್ಲಿ ಮಹಾರಾಷ್ಟ್ರ ಸರ್ಕಾರ ಮಾಥಾಡಿ, ಹಮಾಲ ಮತ್ತಿತರ ಶ್ರಮಿಕರ ಕಾಯ್ದೆಯನ್ನು ತಂದಿತು. ತಲೆಯ ಮೇಲೆ ಹೊರೆ ಹೊರುವವನೇ ಮಾಥಾಡಿ. ಆ ಕಾಯ್ದೆಯ ಕ್ರಮ ಸರಳವಾಗಿದೆ. ವ್ಯಾಪಾರಿಗಳೂ ಹಮಾಲರೂ ಒಂದು ಮಂಡಳಿಯಲ್ಲಿ ಹೆಸರು ನೋಂದಾಯಿಸುತ್ತಾರೆ. ವ್ಯಾಪಾರಿ ಕೂಲಿಯನ್ನೂ ಅದರ ಮೇಲೊಂದಿಷ್ಟು ಲೇವಿಯನ್ನೂ ಮಂಡಳಿಗೆ ಕಟ್ಟುತ್ತಾನೆ. ಕೂಲಿ ಹಮಾಲನಿಗೆ ಮಂಡಳಿಯಿಂದ ಸಿಗುತ್ತದೆ. ಲೇವಿಯಿಂದ ಭವಿಷ್ಯನಿಧಿ, ಗ್ರಾಚ್ಯುಟಿ, ಬೋನಸ್, ವೈದ್ಯಕೀಯ ನೆರವು ನಡೆಯುತ್ತವೆ. ಇಂದು ಒಬ್ಬ ದಲ್ಲಾಳಿ, ನಾಳೆ ಇನ್ನೊಬ್ಬ ಎಂದು ಮಾಲೀಕನೇ ಇಲ್ಲದ ಹಮಾಲನಿಗೆ ಹೀಗೆ ಒಬ್ಬ ಮಾಲೀಕ ಸಿಕ್ಕಂತಾಯಿತು.

ಈ ಕಾಯ್ದೆಯಲ್ಲಿ ಶಾಲೆಯ ಮಾತಿಲ್ಲ. ಆದರೂ ಶಾಲೆಗೆ ಅದರಿಂದಾದ ಉಪಕಾರ ಸಣ್ಣದಲ್ಲ. ಮೂಟೆ ಹೊರುವ ಬೆನ್ನು ನಲವತ್ತೈದು ದಾಟುವ ಹೊತ್ತಿಗೆ ಸೋಲುತ್ತದೆ. ಸರಿಯಾಗಿ ಆಗಲೇ ಮಕ್ಕಳು ಆರು, ಏಳು, ಎಂಟನೆಯ ತರಗತಿಯಲ್ಲಿರುತ್ತಾರೆ. ತಂದೆ ಬಿದ್ದ ದಿನ ಮಗ ಅವನ ಜಾಗಕ್ಕೆ ಹೋಗಬೇಕಾಗಿದ್ದ ಮನೆಯಲ್ಲಿ ವೈದ್ಯಕೀಯ ನೆರವು, ಉಳಿತಾಯದ ದುಡ್ಡು ಇದ್ದರೆ ಮಗನಿಗೆ ಎರಡು ಮೂರು ವರ್ಷ ಸಿಗುತ್ತದೆ. ಏಳನೆಯ ತರಗತಿಗೂ ಹತ್ತನೆಯ ತರಗತಿಗೂ ನಡುವೆ ಇರುವುದು ಅಷ್ಟೇ ವರ್ಷ. ಕೂಲಿ ಖಾತ್ರಿಯಾದ ಮೇಲೆ ಹೆಂಡತಿ ಮಕ್ಕಳನ್ನು ಊರಿನಿಂದ ಕರೆತರುವ ಧೈರ್ಯವೂ ಬರುತ್ತದೆ. ಮಾರ್ಕೆಟ್ ಯಾರ್ಡಿನ ಸನಿಹದ ಹಮಾಲ ನಗರದಂಥ ವಸತಿಗಳು ಎದ್ದದ್ದು ಈ ಧೈರ್ಯದ ಮೇಲೆ. ಎರಡಾಗಿದ್ದ ಒಲೆ ಅಲ್ಲಿ ಒಂದಾಯಿತು.

ಇನ್ನೊಂದು ಉದಾಹರಣೆ ಶಾಲೆಯಿಂದಲೇ ಹೊರಟು ಕೂಲಿಯನ್ನು ಮುಟ್ಟಿತು. 1990ರ ಸುಮಾರಿಗೆ ಪುಣೆಯಲ್ಲಿ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದ ವಯಸ್ಕರ ಶಿಕ್ಷಣ ವಿಭಾಗದ ಕಾರ್ಯಕರ್ತೆಯರು ಚಿಂದಿ ಆಯುವ ಮಕ್ಕಳನ್ನು ಶಾಲೆಗೆ ಸೇರಿಸಲು ಹೊರಟರು. ತಾಯಂದಿರ ಜೊತೆ ತಾವೂ ಕಸದ ತೊಟ್ಟಿಗಳವರೆಗೆ ನಡೆದಾಗ ಅವರಿಗೆ ಬೇರೆಯೇ ಲೆಕ್ಕ ಕಂಡಿತು. ತೊಟ್ಟಿಯಲ್ಲಿ ಕಲಸಿಹೋದ ಕಸದಿಂದ ಗುಜರಿ ಆಯ್ದರೆ ದಿನವಿಡೀ ದುಡಿದರೂ ಗಿಟ್ಟುವುದು ಕಡಿಮೆ, ಅದಕ್ಕೆ ಮಕ್ಕಳ ಕೈಯೂ ಬೇಕು. ಮನೆಮನೆಯಿಂದ ಬೇರ್ಪಡಿಸಿದ ಒಣ ಕಸವೇ ಸಿಕ್ಕರೆ ತಾಯಿ ಕಡಿಮೆ ಹೊತ್ತಿನಲ್ಲಿ ಹೆಚ್ಚು ಗಳಿಸುತ್ತಾಳೆ, ಮಕ್ಕಳು ಬರಬೇಕಿಲ್ಲ. ಈ ತಿಳಿವಳಿಕೆಯಿಂದ ಬೆಳೆದ ಕೆಲಸ 1993ರಲ್ಲಿ ಬಾಬಾ ಆಢಾವ್ ಅವರ ಬೆಂಬಲದೊಂದಿಗೆ ‘ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘಟನೆಯಾಯಿತು. ಮುಂದೆ ಪಾಲಿಕೆಯ ಒಪ್ಪಿಗೆಯಿಂದ ಗುರುತಿನ ಚೀಟಿ, ಆರೋಗ್ಯ ವಿಮೆ ಬಂದವು. 2008ರಲ್ಲಿ ಮನೆಮನೆಯ ಕಸ ಸಂಗ್ರಹದ ಕೆಲಸವೇ ಅವರ ‘ಸ್ವಚ್ಛ್’ ಸಹಕಾರಿ ಸಂಸ್ಥೆಗೆ ಬಂತು. ಮಕ್ಕಳನ್ನು ಕಸಕ್ಕೆ ಕರೆತರಬಾರದು, ಚಿಕ್ಕ ವಯಸ್ಸಿನಲ್ಲಿ ಮದುವೆ ಮಾಡಬಾರದು ಎಂದು ಸಂಘಟನೆ ಸದಸ್ಯರೊಳಗೇ ಪ್ರಚಾರ ನಡೆಸಿತು.

ಆ ಸದಸ್ಯರಲ್ಲಿ ಬಹುಪಾಲು ದಲಿತ ಹೆಂಗಸರು. ಮುಕ್ತಾಬಾಯಿಯ ಸಮುದಾಯದವರೂ ಅವರಲ್ಲಿದ್ದಾರೆ. ವಿಧವೆಯರು, ಗಂಡ ಬಿಟ್ಟವರು ಹಲವರು. ಹೊರಗಿನವರ ಮಾತಿನಲ್ಲಿ ಅವು ‘ಒಡೆದ ಮನೆ’ಗಳು. ಅಲ್ಲಿ ಯಾರಿಗೂ ಗಂಡ ಮರಳಿ ಬರಲಿಲ್ಲ, ಮನೆಯ ಆಕಾರ ಬದಲಾಗಲಿಲ್ಲ. ಬದಲಾದದ್ದು ತಾಯಿಯ ಗಳಿಕೆ, ಅವಳ ಹೊತ್ತು, ಅವಳ ಕೈಯಲ್ಲಿರುವ ಕಾಗದ.

ಅದೇ ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೊಂದು ದಾರಿ ಹುಡುಕಲಾಗಿತ್ತು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಉಪ್ಪಿನ ಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿ ಬೆಳೆದ ಜೆ.ಪಿ. ನಾಯಕ್ ಕಟ್ಟಿದ ಭಾರತೀಯ ಶಿಕ್ಷಣ ಸಂಸ್ಥೆ 1976ರಲ್ಲಿ ಮುಂಬಯಿಯಿಂದ ಪುಣೆಗೆ ಬಂತು. ಅಲ್ಲಿ ಚಿತ್ರಾ ನಾಯಕ್ ಅವರ ಮುಂದಾಳತ್ವದಲ್ಲಿ, ಶಾಲೆ ಬಿಟ್ಟ 9ರಿಂದ 14 ವರ್ಷದ ಮಕ್ಕಳಿಗೆ ಹಳ್ಳಿಗಳಲ್ಲಿ ಸಂಜೆಯ ತರಗತಿಗಳು ನಡೆದವು. ಬಂದವರಲ್ಲಿ ಹೆಚ್ಚಿನವರು ಹುಡುಗಿಯರು. ಹಗಲೆಲ್ಲ ಮನೆಗೆಲಸ ಮುಗಿಸಿ ಲಾಟೀನಿನ ಬೆಳಕಿಗೆ ಬಂದು ಕೂರುವವರು. ಓದುವ ಆಸೆಯಿಲ್ಲದ್ದಕ್ಕೆ ಶಾಲೆ ಬಿಟ್ಟರು ಎಂಬ ಮಾತಿಗೆ ಅವರ ಹಾಜರಿಯೇ ಉತ್ತರವಾಗಿತ್ತು. ಮಗುವಿನ ಗಡಿಯಾರಕ್ಕೆ ಶಾಲೆ ಹೊಂದಿಕೊಂಡಿತ್ತು. ಆದರೆ ಹಗಲಿನ ಮನೆಗೆಲಸ ಹಾಗೆಯೇ ಉಳಿದಿತ್ತು ಎಂಬುದನ್ನೂ ಮರೆಯುವಂತಿಲ್ಲ.

ತಂದೆ ಇಲ್ಲದ್ದರ ಬೆಲೆ

ಕುಟುಂಬದ ಆಕಾರಕ್ಕೆ ಯಾವ ಬೆಲೆಯೂ ಇಲ್ಲವೆಂದು ಇದರರ್ಥವಲ್ಲ. ಅಮೆರಿಕದಲ್ಲಿ ಸಾರಾ ಮೆಕ್‌ಲನಹನ್ ಮತ್ತು ಗ್ಯಾರಿ ಸ್ಯಾಂಡೆಫರ್ ದೊಡ್ಡ ಸಮೀಕ್ಷೆಗಳ ಆಧಾರದ ಮೇಲೆ 1994ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಬಹಳ ಹೆಸರಾದದ್ದು. ತಂದೆ ತಾಯಿ ಇಬ್ಬರೊಡನೆ ಬೆಳೆದವರಿಗೆ ಹೋಲಿಸಿದರೆ ಒಬ್ಬರೊಡನೆ ಬೆಳೆದ ಮಕ್ಕಳು ಹೈಸ್ಕೂಲು ಬಿಡುವ ಸಂಭವ ಸುಮಾರು ಎರಡು ಪಟ್ಟು ಎಂದು ಅವರು ಕಂಡರು. ಆ ವ್ಯತ್ಯಾಸದ ಹೆಚ್ಚುಕಡಿಮೆ ಅರ್ಧ ಪಾಲಿಗೆ ಆದಾಯದ ಕೊರತೆಯೇ ಕಾರಣ. ಉಳಿದದ್ದು ದೊಡ್ಡವರ ಸಮಯ ಮತ್ತು ಮೇಲ್ವಿಚಾರಣೆಯ ಕೊರತೆ, ಪದೇಪದೇ ಮನೆ ಬದಲಿಸಿ ಪರಿಚಿತರ ಬಳಗ ಕಳೆದುಕೊಳ್ಳುವುದು. ತಂದೆ ತೀರಿಕೊಂಡ ಮಕ್ಕಳ ಸ್ಥಿತಿ ತಂದೆ ಬೇರೆಯಾದ ಮಕ್ಕಳಿಗಿಂತ ಮೇಲಾಗಿತ್ತು ಎಂಬುದೂ ಅವರಿಗೆ ಕಂಡಿತು. ಅಲ್ಲಿ ವಿಧವೆಯರಿಗೆ ಸರ್ಕಾರದ ಪಿಂಚಣಿ ಇದೆ, ಸಮಾಜದ ಸಹಾನುಭೂತಿಯೂ ಇದೆ.

ಭಾರತದಲ್ಲಿ ತಾಯಿಯೊಬ್ಬಳೇ ನಡೆಸುವ ಮನೆಗಳು ನೂರರಲ್ಲಿ ನಾಲ್ಕೂವರೆ ಎಂದು ವಿಶ್ವಸಂಸ್ಥೆಯ ಮಹಿಳಾ ವಿಭಾಗ 2019ರಲ್ಲಿ ಅಂದಾಜು ಮಾಡಿತು, ಅಂದರೆ ಸುಮಾರು 1.3 ಕೋಟಿ ಮನೆ. ತವರಿನಲ್ಲಿ, ಅಣ್ಣನ ಮನೆಯಲ್ಲಿ ಮಕ್ಕಳೊಡನೆ ಉಳಿದ ಹೆಂಗಸರು ಈ ಲೆಕ್ಕದಲ್ಲಿಲ್ಲ. ಹಣ ಕಳಿಸುತ್ತ ವರ್ಷಕ್ಕೆರಡು ಸಲ ಊರಿಗೆ ಬರುವ ಹಮಾಲನ ಮನೆಯೂ ಇಲ್ಲ. ಕಾಗದದಲ್ಲಿ ಪೂರ್ಣವಾಗಿರುವ ಅಂಥ ಮನೆಗಳಲ್ಲೂ ಸಮಯದ ಕೊರತೆ ಅಷ್ಟೇ ಇದೆ, ಜಾಗ ಬದಲಾಗುವ ಕಷ್ಟ ಅಷ್ಟೇ ಇದೆ.

ಅದರ ಮೇಲೆ ಹೆಸರಿನ ಕಷ್ಟ. ಮಹಾರಾಷ್ಟ್ರದಲ್ಲಿ ಮಗುವಿನ ಹೆಸರಿನ ನಡುವೆ ತಂದೆಯ ಹೆಸರಿರುತ್ತದೆ. ಬಿಟ್ಟುಹೋದ ತಂದೆ ನೋಟ್‌ಬುಕ್ಕಿನ ಪ್ರತಿ ಹೊದಿಕೆಯ ಮೇಲೂ ಇರುತ್ತಾನೆ, ಸಹಿ ಹಾಕಲು ಮಾತ್ರ ಸಿಗುವುದಿಲ್ಲ. ತಾಯಿಯೂ ಮಗುವಿನ ಸಹಜ ಪೋಷಕಿಯಾಗಿ ನಡೆದುಕೊಳ್ಳಬಹುದು ಎಂದು ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1999ರಲ್ಲಿ.

ತೆರೆದೇ ಇರುವ ಬಾಗಿಲು

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಈ ತೊಡಕುಗಳಲ್ಲಿ ಕೆಲವನ್ನು ಬಿಡಿಸಿತು. ವರ್ಗಾವಣೆ ಪತ್ರ ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆಯಿಲ್ಲವೆಂದಾಗಲಿ ಶಾಲೆ ಮಗುವನ್ನು ಹೊರಗಿಡುವಂತಿಲ್ಲ. ನಡುವೆ ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕು. ಅಲೆಯುವ ಕುಟುಂಬಗಳಿಗೆ ಇದು ದೊಡ್ಡ ಮಾತು. ಆದರೆ ಕಾಯ್ದೆಯ ಹಕ್ಕು 14 ವರ್ಷಕ್ಕೆ, ಎಂಟನೆಯ ತರಗತಿಗೆ ನಿಲ್ಲುತ್ತದೆ.

2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ಬಂತು. 14ರೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು ಎಂದ ಅದೇ ತಿದ್ದುಪಡಿ, ಅಪಾಯವಿಲ್ಲದ ಕೆಲಸವಾದರೆ ಶಾಲೆಯ ಹೊತ್ತಿನ ನಂತರ ಮತ್ತು ರಜೆಯಲ್ಲಿ ಮಗು ತನ್ನ ಕುಟುಂಬಕ್ಕೆ ನೆರವಾಗಬಹುದು ಎಂದಿತು. ಕುಟುಂಬವೆಂದರೆ ತಂದೆ, ತಾಯಿ, ಒಡಹುಟ್ಟಿದವರಷ್ಟೇ ಅಲ್ಲ, ಚಿಕ್ಕಪ್ಪ, ಸೋದರಮಾವ, ಅತ್ತೆ, ಚಿಕ್ಕಮ್ಮ ಕೂಡ. ಮಾರ್ಕೆಟ್ ಯಾರ್ಡಿನಂಥ ಜಾಗದಲ್ಲಿ ಶಾಲೆಯ ನಂತರ ಎಂದರೆ ಯಾವ ಹೊತ್ತು, ನೆರವು ಎಂದರೆ ಎಷ್ಟು ಮೂಟೆ ಈರುಳ್ಳಿ ಎಂದು ಅಳೆಯುವವರಾರು? 1911ರ ಮಸೂದೆಯ ಆ ವಿನಾಯಿತಿ ನೂರೈದು ವರ್ಷದ ನಂತರ ಹೊಸ ಭಾಷೆಯಲ್ಲಿ ಮರಳಿ ಬಂದಿತ್ತು.

ಮನೆಗೆ ಮಗುವಿನ ಕೈ ಬೇಕಾಗುವುದು ಸುಳ್ಳು ಕಾರಣವಲ್ಲ. ಗೋಖಲೆಯವರೂ ಅದನ್ನು ಬಡವರ ಕಷ್ಟ ಬಲ್ಲವರಾಗಿಯೇ ಬರೆದಿರಬೇಕು. ಆದರೆ ಆ ಅಗತ್ಯವನ್ನು ಮಗುವಿಗೆ ರಜೆ ಕೊಟ್ಟು ತೀರಿಸಬಹುದು, ಇಲ್ಲವೇ ದೊಡ್ಡವರಿಗೆ ಕೂಲಿ, ವಿಮೆ, ವಸತಿ, ಗುರುತಿನ ಚೀಟಿ ಕೊಟ್ಟು ತೀರಿಸಬಹುದು. ಪುಣೆಯ ಹಮಾಲರೂ ಚಿಂದಿ ಆಯುವ ಹೆಂಗಸರೂ ಎರಡನೆಯ ದಾರಿಯನ್ನು ಹೋರಾಡಿ ಪಡೆದರು. ಏಳನೆಯ ತರಗತಿಯಲ್ಲಿ ಗೈರಾಗುತ್ತಿರುವ ಮಗುವಿನ ಬಗ್ಗೆ ಶಾಲೆ ಕೇಳಬೇಕಾದ ಪ್ರಶ್ನೆಗಳನ್ನೂ ಅವರ ಚರಿತ್ರೆಯೇ ತೋರಿಸಿಕೊಡುತ್ತದೆ: ಬೆಳಿಗ್ಗೆ ಇವಳನ್ನು ಎಬ್ಬಿಸುವವರು ಯಾರು? ತಮ್ಮನನ್ನು ನೋಡಿಕೊಳ್ಳಲು ಬೇರೆ ಯಾರಾದರೂ ಇದ್ದಾರೆಯೇ? ಎಂಟನೆಯ ತರಗತಿಗೆ ಹೆಸರು ಬರೆಸಲು ಇವಳ ತಾಯಿ ಒಂದು ದಿನದ ಕೂಲಿ ಬಿಟ್ಟು ಬರಬಲ್ಲಳೇ, ಬಾರದಿದ್ದರೆ ಶಾಲೆಯೇ ಅವಳ ಮನೆಗೆ ಹೋಗಬಹುದೇ?